ಕಂಪ್ಯೂಟರಿನ ಕೊಸರು

ಕೋಥರೂಡದ ಕಾಯಿಪಲ್ಲೆ ಮಾರುಕಟ್ಟೆಗೆ ರಾಮಲಿಂಗಪ್ಪನವರು ಚೀಲ ಹಿಡಿದು ಬರುವುದನ್ನು ಕಂಡರೆ ಮಾರುವ ಹೆಂಗಸರು ಕೊತ್ತಂಬರಿ ಸಿವುಡನ್ನು ಗೋಣಿತಟ್ಟಿನ ಕೆಳಗೆ ಸರಿಸುತ್ತಿದ್ದರು. ಹಾಗೆಂದು ಅವರನ್ನು ಜಿಪುಣರೆಂದು ತಿಳಿಯಬೇಡಿ. ದರದ ಬಗ್ಗೆ ಅವರು ಜನ್ಮದಲ್ಲಿ ಒಂದು ಮಾತು ಆಡಿದವರಲ್ಲ. ಬದನೆಕಾಯಿಗೆ ಎಷ್ಟು ಹೇಳಿದರೆ ಅಷ್ಟು ಕೊಡುವವರೇ. ಚೌಕಾಸಿ ಮಾಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಅವರು ಖಚಿತವಾಗಿ ನಂಬಿದ್ದರು. ಆದರೆ ಹಣ ಕೊಟ್ಟು, ಚೀಲ ಹೆಗಲಿಗೇರಿಸಿದ ಮೇಲೆ ಅವರು ಅಲ್ಲಿಯೇ ನಿಲ್ಲುತ್ತಿದ್ದರು. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ನಿಲ್ಲುವುದು. ಮಾರುವವಳು ಇನ್ನೊಬ್ಬ ಗಿರಾಕಿಗೆ ತೂಗಿ ಕೊಟ್ಟು, ಮತ್ತೊಬ್ಬನಿಗೂ ತೂಗಿ ಕೊಟ್ಟು, ಕಡೆಗೆ ತಾಳ್ಮೆಗೆಟ್ಟು ನಾಲ್ಕು ಹಸಿಮೆಣಸಿನಕಾಯಿ, ಎಂಟು ಎಳೆ ಕೊತ್ತಂಬರಿ ಅವರ ಚೀಲದೊಳಗೆ ಒಗೆಯುತ್ತಿದ್ದಳು. ಅದೇ ಕೊಸರು. ಅದು ಬಿದ್ದ ಮೇಲೆ ರಾಮಲಿಂಗಪ್ಪನವರ ಕಾಲು ತಾನಾಗಿಯೇ ಮುಂದಕ್ಕೆ ಚಲಿಸುತ್ತಿತ್ತು.

ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು ಇಪ್ಪತ್ನಾಲ್ಕು ವರ್ಷವಾದರೂ ಈ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಅಂಗಿ ಬಟ್ಟೆ ಕೊಂಡರೆ ಕರವಸ್ತ್ರ, ಚಪ್ಪಲಿ ಕೊಂಡರೆ ಪಾಲಿಶ್ ಡಬ್ಬಿ, ಗೋದಿ ಬೀಸಿಸಿದರೆ ಗಿರಣಿಯವನ ಕಡೆಯಿಂದ ಒಂದು ಹಿಡಿ ತೌಡು. ಅವರ ಹೆಂಡತಿ ಪಾರವ್ವ ಹೇಳುವ ಪ್ರಕಾರ, ಮಗಳು ನೀತಾ ಹುಟ್ಟಿದಾಗ ಈ ಮನುಷ್ಯ ನರ್ಸಿಗೆ ಪೇಢೆ ಕೊಟ್ಟು ಅಲ್ಲಿಯೇ ನಿಂತುಬಿಟ್ಟಿದ್ದರಂತೆ. ನರ್ಸು ಗಾಬರಿಯಾಗಿ, ಅವಳಿ ಏನೂ ಇಲ್ಲ, ಒಂದೇ ಕೂಸು ಎಂದು ಎರಡು ಸಲ ಹೇಳಿ ಕಳಿಸಿದಳಂತೆ.

ಇಂಥ ರಾಮಲಿಂಗಪ್ಪನವರಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕೊಳ್ಳುವ ಪ್ರಸಂಗ ಬಂದಿತು. ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೆಯ ಇಸವಿ. ಹಡಪಸರದ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಅವರು ಹೆಡ್ ಕ್ಲಾರ್ಕು. ಏಪ್ರಿಲ್ ತಿಂಗಳ ಒಂದು ದಿನ ಸಾಹೇಬರು ಕ್ಲಾರ್ಕುಗಳನ್ನೆಲ್ಲ ಕರೆದು, ಆಫೀಸಿಗೆ ಕಂಪ್ಯೂಟರ್ ಬರುತ್ತಿದೆ, ಜೂನ್ ಒಂದನೇ ತಾರೀಖಿಗೆ ನಾನೇ ಪರೀಕ್ಷೆ ಮಾಡುತ್ತೇನೆ, ಪಾಸಾದವರು ಇಲ್ಲಿ, ಆಗದವರು ಚಾಕಣದ ಗೋದಾಮಿಗೆ ಎಂದು ಸಾರಿದರು. ಚಾಕಣದ ಗೋದಾಮೆಂದರೆ ತಗಡಿನ ಸೂರು, ನಡುವೆ ಒಂದು ಸ್ಟೂಲು, ದಿನಕ್ಕೆ ಅರವತ್ತು ಲಾರಿ. ಕೋಥರೂಡದಿಂದ ಅಲ್ಲಿಗೆ ಮೂರು ಬಸ್ಸು ಬದಲಿಸಬೇಕು. ರಾಮಲಿಂಗಪ್ಪನವರ ಸೊಂಟಕ್ಕೆ ಎರಡನೆಯ ಬಸ್ಸೇ ಹೆಚ್ಚು. ನಿವೃತ್ತಿಗೆ ಉಳಿದ ಏಳು ವರ್ಷವನ್ನು ಸ್ಟೂಲಿನ ಮೇಲೆ ಕಳೆಯುವ ಚಿತ್ರ ಕಣ್ಣಿಗೆ ಕಟ್ಟಿ, ಅವರು ಮರುದಿನವೇ ಮನೆಗೊಂದು ಕಂಪ್ಯೂಟರ್ ತಂದು ಕಲಿಯುವುದೆಂದು ನಿರ್ಧರಿಸಿದರು.

ಬುಧವಾರ ಪೇಠೆಯ ಓಣಿಯೊಂದರಲ್ಲಿ ಮೋಹನದಾಸ್ ಎಂಬುವರ ಕಂಪ್ಯೂಟರ್ ಅಂಗಡಿ. ಅಂಗಡಿ ಎಂದರೆ ಒಂದು ಟೇಬಲ್, ಒಂದು ಪಂಖಾ ಮತ್ತು ಮೋಹನದಾಸ್. ಜೋಡಿಸುವವರೂ ಅವರೇ, ಮಾರುವವರೂ ಅವರೇ, ಮನೆಗೆ ಬಂದು ಹಚ್ಚಿಕೊಡುವವರೂ ಅವರೇ. ಅವರು ಬೆಲೆ ಹೇಳಿದರು, ರಾಮಲಿಂಗಪ್ಪನವರು ಆಗಲಿ ಎಂದರು. ಹತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿಯನ್ನು ಕಾಣದ ಮೋಹನದಾಸರು ಸಂತೋಷದಿಂದ ಏಲಕ್ಕಿ ಚಹಾ ತರಿಸಿದರು. ಗಿರಾಕಿ ಇನ್ನೂ ಶುರುವೇ ಮಾಡಿಲ್ಲ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಚಹಾ ಮುಗಿಯಿತು. ರಾಮಲಿಂಗಪ್ಪನವರು ಎದ್ದು ನಿಂತರು, ಆದರೆ ಹೋಗಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದು, ಅಂಗಡಿಯಲ್ಲಿ ಕಂಡದ್ದಕ್ಕೆಲ್ಲ ಬೆರಳು ತೋರಿಸಿ, ಇದು ಜೊತೆಗೆ ಬರುತ್ತದೆಯೇ ಎಂದು ಕೇಳತೊಡಗಿದರು. ಕೀಬೋರ್ಡ್ ಬರುತ್ತದೆ, ಮೌಸ್ ಬರುತ್ತದೆ. ಸ್ಪೀಕರ್ ಜೋಡಿ? ಸ್ವಲ್ಪ ತಡೆದು, ಅದೂ ಬರುತ್ತದೆ ಎಂದರು ಮೋಹನದಾಸ್. ಅಲ್ಲಿಂದ ಮುಂದೆ ಬರುತ್ತದೆ ಎನ್ನುವುದು ಹೋಗಿ, ತೆಗೆದುಕೊಳ್ಳಿ ಎಂದಾಯಿತು. ಮೌಸಿನ ಕೆಳಗೆ ಹಾಸುವ ನೀಲಿ ಪ್ಯಾಡು, ಧೂಳು ಕೂಡದಂತೆ ಮೂರು ಪ್ಲಾಸ್ಟಿಕ್ ಮುಸುಕು, ಕಣ್ಣು ಉರಿಯದಂತೆ ಪರದೆಯ ಮುಂದೆ ಸಿಕ್ಕಿಸುವ ಕಪ್ಪು ಗಾಜು, ಫ್ಲಾಪಿ ಇಡಲು ಕೀಲಿಕೈ ಇರುವ ಪೆಟ್ಟಿಗೆ, ಮೈಕು, ಐದು ಪ್ಲಗ್ಗಿನ ಬೋರ್ಡು, ಕೀಬೋರ್ಡ್ ಸಂದಿಯ ಕಸ ತೆಗೆಯುವ ಬ್ರಷ್ಷು, ಗೋಡೆಗೆ ಕ್ಯಾಲೆಂಡರು. ಗಾಲಿಗಳಿರುವ ಟೇಬಲ್ಲಿಗಾಗಿ ಮಾತ್ರ ಅವರು ಮುಕ್ಕಾಲು ತಾಸು ನಿಲ್ಲಬೇಕಾಯಿತು. ಮೋಹನದಾಸರ ಊಟದ ಡಬ್ಬಿ ಆರಿ ತಣ್ಣಗಾಯಿತು. ಟೇಬಲ್ಲೂ ಕೈಸೇರಿದ ಮೇಲೆ ರಾಮಲಿಂಗಪ್ಪನವರ ಕಣ್ಣು ನೆಲದ ಮೇಲೆ ನೆಟ್ಟಗೆ ನಿಂತಿದ್ದ ಒಂದು ಕಬ್ಬಿಣದ ಡಬ್ಬದ ಮೇಲೆ ಬಿದ್ದಿತು. ಅದು ಕೂಡ ಜೊತೆಗೆ ಬರುತ್ತದೆಯೇ ಎಂದು ಕೇಳಿಯೇಬಿಟ್ಟರು.

ಮೋಹನದಾಸರು ಹಣೆಯ ಬೆವರು ಒರೆಸಿಕೊಂಡು, "ಕಾಕಾ, ವೋ ತೋ ಸಾಥ್ ಮೇ ಆತಾ ಹೀ ಹೈ" ಎಂದರು. ಅದಂತೂ ಜೊತೆಗೆ ಬಂದೇ ಬರುತ್ತದಲ್ಲ ಎಂದು.

ಕೆಟ್ಟದ್ದು ಇಲ್ಲಿಯೇ. ಆ ಕಾಲದಲ್ಲಿ ನಮ್ಮ ಮನೆಗಳಲ್ಲಿ ಬೆಲೆಬಾಳುವ ಯಾವ ಕರೆಂಟಿನ ಸಾಮಾನೇ ಇರಲಿ, ಅದರ ಪಕ್ಕದಲ್ಲಿ ಒಂದು ಕಬ್ಬಿಣದ ಡಬ್ಬ ಗುಂಯ್‌ಗುಡುತ್ತ ಕುಳಿತಿರುತ್ತಿತ್ತು. ಅದಕ್ಕೆ ಸ್ಟೆಬಿಲೈಜರ್ ಎನ್ನುತ್ತಿದ್ದರು. ಕರೆಂಟು ಏರಿಳಿದರೆ ಅದು ಸಂಭಾಳಿಸುತ್ತಿತ್ತು. ರಾಮಲಿಂಗಪ್ಪನವರ ಫ್ರಿಜ್ಜಿಗೆ ಒಂದಿತ್ತು, ಟೀವಿಗೆ ಒಂದಿತ್ತು. ಟೀವಿಯಂತೆಯೇ ಕಾಣುವ ಕಂಪ್ಯೂಟರಿಗೂ ಒಂದಿರುವುದು ನ್ಯಾಯವೇ. ಅವರು ಕಾಗದದ ಕೊನೆಯಲ್ಲಿ "ದೊಡ್ಡ ಸ್ಟೆಬಿಲೈಜರ್, ಕೊಸರು" ಎಂದು ಬರೆದುಕೊಂಡರು.

ಶುಕ್ರವಾರ ಟೆಂಪೋದಲ್ಲಿ ಸಾಮಾನು ಬಂದಿತು. ಮೋಹನದಾಸರು ಸೋದರ ಸೊಸೆಯ ಮದುವೆಗೆ ನಾಶಿಕಕ್ಕೆ ಹೋಗುವವರಿದ್ದರು. ಸೋಮವಾರ ಬಂದು ಹಚ್ಚಿಕೊಡುತ್ತೇನೆ, ಅಲ್ಲಿಯತನಕ ಒಂದು ವಾಯರನ್ನೂ ಮುಟ್ಟಬೇಡಿ ಎಂದು ಹೇಳಿ ಕಳಿಸಿದ್ದರು. ರಾಮಲಿಂಗಪ್ಪನವರು ಮುಟ್ಟಲಿಲ್ಲ. ತೋರಿಸಿದರು ಅಷ್ಟೆ. ವಸತಿ ಸೊಸಾಯಿಟಿಯ ಹನ್ನೆರಡು ಮನೆಯವರೂ ಬಂದು ನೋಡಿದರು. ಬಂದವರಿಗೆ ಅವರು ಕಂಪ್ಯೂಟರನ್ನು ಅರ್ಧ ನಿಮಿಷ ತೋರಿಸಿ, ಕೊಸರನ್ನು ಅರ್ಧ ತಾಸು ತೋರಿಸಿದರು. ಇದರಿಂದ ಏನು ಮಾಡುತ್ತಾರೆ ಎಂದು ಎದುರುಮನೆಯ ಅಜ್ಜ ಗೋಡ್ಬೋಲೆ ಆಜೋಬಾ ಕೇಳಿದಾಗ, ಅದು ಸೋಮವಾರ ಗೊತ್ತಾಗುತ್ತದೆ, ಆದರೆ ಈ ಫ್ಲಾಪಿ ಪೆಟ್ಟಿಗೆಯ ಕೀಲಿಕೈ ನೋಡಿ ಎಂದರು.

ಆಜೋಬಾ ಟೆಲಿಫೋನ್ ಖಾತೆಯಿಂದ ನಿವೃತ್ತರಾದವರು. ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಅವರು ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಕಬ್ಬಿಣದ ಡಬ್ಬವನ್ನು ಎರಡು ಸುತ್ತು ಹಾಕಿ ಇದೇನು ಎಂದರು. ಸ್ಟೆಬಿಲೈಜರ್ ಎಂದು ಉತ್ತರ ಬಂದಿತು. ಆಜೋಬಾ ಬಗ್ಗಿ ಹಿಂಭಾಗವನ್ನು ನೋಡಿ, ತಲೆದೂಗಿ, ಇದರ ಕೆಪ್ಯಾಸಿಟಿ ದೊಡ್ಡದು, ಮೂರು ಫ್ರಿಜ್ಜು ನಡೆದಾವು ಎಂದು ತೀರ್ಪು ಕೊಟ್ಟರು. ತಜ್ಞರೇ ಹೇಳಿದ ಮೇಲೆ ಇನ್ನು ಅನುಮಾನವೆಲ್ಲಿಯದು.

ಅದೇ ಭಾನುವಾರ ಹಡಪಸರದಲ್ಲಿ ಬೀಗರ ಹೊಸ ಫ್ಲ್ಯಾಟಿನ ವಾಸ್ತುಶಾಂತಿ ಇತ್ತು. ಬೀಗರೆಂದರೆ ಮುರುಗೆಪ್ಪನವರು, ಮೊಳೆ ತಿರುಪು ಬಣ್ಣದ ವ್ಯಾಪಾರಿ. ಅವರ ಮಗ ಶಿವಪ್ರಕಾಶನಿಗೆ ನೀತಾಳನ್ನು ಕೊಟ್ಟು ಆಗಿನ್ನೂ ಎಂಟು ತಿಂಗಳು. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ, ಹಗುರವಾದ ಉಡುಗೊರೆಯ ಆಹೇರಿ ಮಾಡುವಂತೆಯೂ ಇಲ್ಲ. ಪಾರವ್ವ ಸ್ಟೀಲ್ ಡಬ್ಬಿ ಕೊಡುವುದೋ ಗೋಡೆ ಗಡಿಯಾರ ಕೊಡುವುದೋ ಎಂದು ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದರು. ಕಂಪ್ಯೂಟರ್ ಸಾಮಾನಿನ ನಡುವೆ ಕಸ ಗುಡಿಸಲು ಜಾಗ ಹುಡುಕುತ್ತಿದ್ದಾಗ ಅವರಿಗೆ ಒಮ್ಮೆಲೇ ಬೆಳಕು ಕಂಡಿತು.

"ರೀ, ಬೀಗತಿ ಆವತ್ತು ಹೇಳಲಿಲ್ಲೇನ್ರಿ, ಹೊಸಾ ಮನ್ಯಾಗ ಕರೆಂಟ್ ಭಾಳ ಹೆಚ್ಚುಕಮ್ಮಿ ಆಗ್ತದಂತ? ನಮ್ಮ ಮನ್ಯಾಗ ಎರಡು ಸ್ಟೆಬಿಲೈಜರ್ ಅವ. ಇದು ಮೂರನೇದು. ಪುಕ್ಕಟೆ ಬಂದದ್ದು. ಟೀವಿದು ಕಂಪ್ಯೂಟರಿಗೆ ಹಚ್ಚೂಣು, ಇದನ್ನ ಅವರಿಗೆ ಕೊಡೂಣು."

ರಾಮಲಿಂಗಪ್ಪನವರಿಗೆ ಕೊಸರನ್ನು ಬಿಟ್ಟುಕೊಡಲು ಜೀವ ಚುರ್ ಎಂದಿತು. ಆದರೆ ಪುಕ್ಕಟೆ ಬಂದದ್ದರಿಂದ ಬೀಗರ ಎದುರು ಮಾನ ಸಿಗುವುದಾದರೆ ಅದು ಕೊಸರಿನ ಮೇಲಿನ ಕೊಸರು ಎಂದು ಸಮಾಧಾನ ಮಾಡಿಕೊಂಡರು. ಡಬ್ಬವನ್ನು ಅದರ ವಾಯರಿನ ಸಮೇತ ಥರ್ಮಾಕೋಲಿನೊಳಗೆ ಕೂಡಿಸಿ, ಮೇಲೆ ಗುಲಾಬಿ ಬಣ್ಣದ ಹೊಳೆಯುವ ಕಾಗದ ಸುತ್ತಿ ರಿಕ್ಷಾದಲ್ಲಿ ಹಡಪಸರಕ್ಕೆ ಒಯ್ದರು. ಮುರುಗೆಪ್ಪನವರು ಅದನ್ನು ಎತ್ತಿ ಭಾರ ನೋಡಿದರು. ಅವರು ಮೊಳೆಯ ವ್ಯಾಪಾರಿ, ಭಾರದ ಸಾಮಾನಿಗೆ ಅವರಲ್ಲಿ ಗೌರವ. "ಇಷ್ಟೆಲ್ಲಾ ಯಾಕ ತರ್ಲಿಕ್ಕೆ ಹೋದ್ರಿ ಬೀಗರ" ಎಂದು ಎಲ್ಲರೆದುರು ಎರಡು ಸಲ ಹೇಳಿದರು. ರಾಮಲಿಂಗಪ್ಪನವರು ಅಂದು ಹೋಳಿಗೆಯನ್ನು ನಾಲ್ಕು ಉಂಡರು.

ಸೋಮವಾರ ಸಂಜೆ ಮೋಹನದಾಸರು ಸ್ಕ್ರೂಡ್ರೈವರ್ ಹಿಡಿದು ಬಂದರು. ಸೊಸಾಯಿಟಿಯ ಅರ್ಧ ಜನ ಕುರ್ಚಿ ತಂದುಕೊಂಡು ಕುಳಿತರು. ಪಾರವ್ವ ತೆಂಗಿನಕಾಯಿ, ಕರ್ಪೂರ ಸಿದ್ಧ ಮಾಡಿದ್ದರು. ಮೋಹನದಾಸರು ಟೇಬಲ್ಲಿನ ಮೇಲೆ ನೋಡಿದರು, ಕೆಳಗೆ ನೋಡಿದರು, ಮಂಚದ ಕೆಳಗೂ ನೋಡಿದರು. ಆಮೇಲೆ ಕಂಪ್ಯೂಟರ್ ಎಲ್ಲಿ ಎಂದು ಕೇಳಿದರು.

ರಾಮಲಿಂಗಪ್ಪನವರು ನಕ್ಕು, ಮುಸುಕು ತೆಗೆದು, ಗಾಜಿನ ಪರದೆಯ ಮೇಲೆ ಪ್ರೀತಿಯಿಂದ ಕೈಯಿಟ್ಟರು. ಅದು ತೋರಿಸುವ ಡಬ್ಬಿ ಅಷ್ಟೆ ಎಂದರು ಮೋಹನದಾಸ್. ಕೀಬೋರ್ಡು ಮುಂದೆ ಬಂದಿತು. ಅದು ಒತ್ತುವ ಹಲಗೆ. ಮೌಸು, ಸ್ಪೀಕರು, ಮೈಕು ಒಂದೊಂದಾಗಿ ಮುಂದೆ ಬಂದು, ತಾವು ಕಂಪ್ಯೂಟರ್ ಅಲ್ಲವೆಂದು ಸಾಬೀತಾಗಿ ಹಿಂದೆ ಸರಿದವು. ಕಡೆಗೆ ರಾಮಲಿಂಗಪ್ಪನವರು ಫ್ಲಾಪಿ ಪೆಟ್ಟಿಗೆಯ ಕೀಲಿ ತೆಗೆದು ಅದರೊಳಗೂ ಇಣುಕಿದರು. ಮೋಹನದಾಸರು ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಡಬ್ಬ ಬಿಡಿಸಿ ತೋರಿಸಿ, ಯಂತ್ರದ ತಲೆಯೆಲ್ಲ ಅದರಲ್ಲಿಯೇ ಇದೆ, ಉಳಿದದ್ದೆಲ್ಲ ಕೈಕಾಲು ಎಂದು ತಿಳಿಸಿ ಹೇಳಿದರು.

ಪಾರವ್ವ ಕರ್ಪೂರದ ಡಬ್ಬಿಯ ಮುಚ್ಚಳ ಹಾಕಿದರು. ಗೋಡ್ಬೋಲೆ ಆಜೋಬಾ ಎದ್ದು, ತಮಗೆ ಅವತ್ತೇ ಸಂಶಯ ಬಂದಿತ್ತು ಎಂದು ಹೇಳಿ, ಕುರ್ಚಿ ಎತ್ತಿಕೊಂಡು ಹೋದರು.

ಈಗ ಸಂಕಟ ಏನೆಂದು ತಿಳಿದುಕೊಳ್ಳಿ. ನಮ್ಮ ಕಡೆ ಆಹೇರಿ ಕೊಟ್ಟದ್ದನ್ನು ವಾಪಸು ಕೇಳುವುದೆಂದರೆ, ಊಟಕ್ಕೆ ಕುಳಿತವರ ಎಲೆಯಿಂದ ಹೋಳಿಗೆ ಎತ್ತಿಕೊಂಡ ಹಾಗೆ. ಅದೂ ಬೀಗರನ್ನು ಕೇಳುವುದುಂಟೇ? ಮಗಳು ಆ ಮನೆಯಲ್ಲಿ ತಲೆ ಎತ್ತಿ ಬಾಳಬೇಕು. ಕೇಳದಿದ್ದರೆ ಜೂನ್ ಒಂದಕ್ಕೆ ಚಾಕಣದ ಸ್ಟೂಲು. ಹೊಸದೊಂದು ಡಬ್ಬ ಕೊಳ್ಳೋಣವೆಂದರೆ ಮೋಹನದಾಸರು ಹೇಳಿದ ಬೆಲೆಗೆ ಮೊದಲ ಸಲ ರಾಮಲಿಂಗಪ್ಪನವರ ಬಾಯಿಂದ ಆಗಲಿ ಎಂಬ ಮಾತು ಹೊರಡಲಿಲ್ಲ. ನೀತಾಳಿಗೆ ಫೋನ್ ಮಾಡಿ ಗುಟ್ಟಾಗಿ ಹೇಳೋಣವೆಂದರೆ ಆ ಮನೆಯ ಫೋನು ಇರುವುದು ಮುರುಗೆಪ್ಪನವರ ಆರಾಮಕುರ್ಚಿಯ ಕೈಯ ಪಕ್ಕದಲ್ಲಿ.

ಎರಡು ದಿನ ಯೋಚಿಸಿ ಪಾರವ್ವ ಒಂದು ಉಪಾಯ ಹೂಡಿದರು. ಟೀವಿಯ ನಿಜವಾದ ಸ್ಟೆಬಿಲೈಜರನ್ನು ಒರೆಸಿ ಒಯ್ಯುವುದು. ಮೊದಲು ಕೊಟ್ಟದ್ದಕ್ಕಿಂತ ಇದು ಚಲೋ ಮಾಲು ಎಂದು ಹೇಳಿ, ಇದನ್ನು ಕೊಟ್ಟು ಅದನ್ನು ತರುವುದು. ಬುಧವಾರ ಆಫೀಸು ಬಿಟ್ಟ ಮೇಲೆ ರಾಮಲಿಂಗಪ್ಪನವರು ಸ್ಟೆಬಿಲೈಜರನ್ನು ಬಗಲಲ್ಲಿಟ್ಟುಕೊಂಡು ಬೀಗರ ಮನೆಯ ಗಂಟೆ ಒತ್ತಿದರು.

ನೀತಾ ಗಂಡನ ಜೊತೆ ಅವನ ಗೆಳೆಯನ ಮನೆಗೆ ಹೋಗಿದ್ದಳು. ಬೀಗತಿ ಗೌರಾಬಾಯಿಯವರು ಬಾಯಿ ತುಂಬಾ ಬರ್ರಿ ಎಂದು ಒಳಗೆ ಕರೆದರು. ಒಳಗೆ ಕಾಲಿಟ್ಟ ರಾಮಲಿಂಗಪ್ಪನವರು ಅಲ್ಲಿಯೇ ನಿಂತರು, ಈ ಸಲ ಕೊಸರಿಗಾಗಿ ಅಲ್ಲ. ದೇವರ ಜಗಲಿಯ ಕೆಳಗೆ, ಮಣೆಯ ಮೇಲೆ, ಅವರ ಡಬ್ಬ ವಿರಾಜಮಾನವಾಗಿತ್ತು. ನೆತ್ತಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡು ಹೂವು. ವಾಯರು ಗೋಡೆಯ ಪ್ಲಗ್ಗಿಗೆ ಸೇರಿತ್ತು. ಮುಂಭಾಗದಲ್ಲಿ ಹಸಿರು ದೀಪ ಉರಿಯುತ್ತಿತ್ತು.

"ನಿಮ್ಮ ಸಾಮಾನಿನ ಕಾಲಗುಣ ಭಾಳ ಚಲೋ ಅದ್ರಿ ಬೀಗರ," ಎಂದರು ಗೌರಾಬಾಯಿ. "ಎಣ್ಣಿ ಬ್ಯಾಡ, ಬತ್ತಿ ಬ್ಯಾಡ, ದೀಪ ಉರಿತದ. ಇಲ್ಲಿ ನೋಡ್ರಿ." ಅವರು ಒಂದು ಗುಂಡಿ ಒತ್ತಿದರು. ಡಬ್ಬದ ಹೊಟ್ಟೆಯಿಂದ ಒಂದು ತಟ್ಟೆ ಮೆಲ್ಲಗೆ ಹೊರಗೆ ಬಂದಿತು. ಗೌರಾಬಾಯಿ ಅದರಲ್ಲಿ ಎರಡು ಹರಳು ಕಲ್ಲುಸಕ್ಕರೆ ಇಟ್ಟು ಮತ್ತೆ ಒತ್ತಿದರು. ತಟ್ಟೆ ಒಳಗೆ ಹೋಯಿತು. ಅವರು ಕಣ್ಣು ಮುಚ್ಚಿ ಕೈಮುಗಿದು, ಸ್ವಲ್ಪ ಹೊತ್ತಿನ ಮೇಲೆ ಮೂರನೆಯ ಸಲ ಒತ್ತಿ, ಪ್ರಸಾದವನ್ನು ಬೀಗರ ಅಂಗೈಯಲ್ಲಿ ಹಾಕಿದರು. ಒಮ್ಮೊಮ್ಮೆ ಎರಡಿಟ್ಟರೆ ಒಂದೇ ವಾಪಸು ಬರುತ್ತದೆ, ಅಂದು ದೇವರಿಗೆ ಮುಟ್ಟಿತೆಂದು ಲೆಕ್ಕ ಎಂದೂ ತಿಳಿಸಿದರು. ನೆರೆಮನೆಯ ಇಬ್ಬರು ಹೆಂಗಸರು ಸಂಜೆಗೊಮ್ಮೆ ತಟ್ಟೆ ನೋಡಲು ಬರುತ್ತಿದ್ದರಂತೆ.

ರಾಮಲಿಂಗಪ್ಪನವರು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು. ಪೂಜೆಗೆ ಕುಳಿತದ್ದನ್ನು ಎಬ್ಬಿಸಿ ಕೊಡಿ ಎಂದು ಹೇಗೆ ಕೇಳುವುದು? ಅಷ್ಟರಲ್ಲಿ ಮುರುಗೆಪ್ಪನವರು ಬಂದು ಬಗಲಿನ ಸ್ಟೆಬಿಲೈಜರನ್ನು ತಾವೇ ಇಸಿದುಕೊಂಡು, ಭಾರ ನೋಡಿ, "ಆತು ಬಿಡ್ರಿ, ಒಂದೊಂದ ತಂದ್ರೂ ನಡೀತದ, ಅವಸರ ಏನಿಲ್ಲ" ಎಂದರು. ಒಂದೊಂದು ಎಂದರೆ ಏನೆಂದು ರಾಮಲಿಂಗಪ್ಪನವರಿಗೆ ತಿಳಿಯಲಿಲ್ಲ. ಚಹಾ ಕುಡಿದು, ಉಂಡು ಹೋಗಿರೆಂಬ ಮಾತನ್ನು ಹೇಗೋ ತಪ್ಪಿಸಿಕೊಂಡು ಹೊರಟರು. ತಾನು ತರಲು ಹೋದದ್ದನ್ನೂ ಬಿಟ್ಟು, ಒಯ್ದದ್ದನ್ನೂ ಕೊಟ್ಟು ಮನೆಗೆ ಬಂದ ಗಂಡನನ್ನು ನೋಡಿ ಪಾರವ್ವನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ರಾತ್ರಿಯಿಂದ ಸ್ಟೆಬಿಲೈಜರಿಲ್ಲದ ಅವರ ಟೀವಿಯಲ್ಲಿ ವಾರ್ತೆ ಓದುವವಳು ಒಮ್ಮೆ ಉದ್ದವಾಗಿ ಒಮ್ಮೆ ಕಿರಿದಾಗಿ ಕಾಣತೊಡಗಿದಳು.

ಇನ್ನು ಉಳಿದದ್ದು ಅಧಿಕಾರಿಗಳ ದಾರಿ. ಭಾನುವಾರ ರಾಮಲಿಂಗಪ್ಪನವರು ಮೋಹನದಾಸರ ಕೈಕಾಲು ಹಿಡಿದು, ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು ಹಾಕಿಸಿ, ಬಗಲಿಗೊಂದು ಫೈಲು ಕೊಟ್ಟು ಹಡಪಸರಕ್ಕೆ ಕರೆದೊಯ್ದರು. ಪಾರವ್ವನೂ ಜೊತೆಗಿದ್ದರು. ಇವರು ಕಂಪನಿಯ ಇನ್ಸ್‌ಪೆಕ್ಟರ್, ಆ ಮಾಲಿನಲ್ಲಿ ದೋಷ ಕಂಡುಬಂದಿದೆ, ವಾಪಸು ಒಯ್ಯದಿದ್ದರೆ ಕಂಪನಿಯವರು ಬಿಡುವುದಿಲ್ಲ ಎಂದು ಹೇಳುವ ಯೋಜನೆ. ಬಸ್ಸಿನಲ್ಲಿ ಮೂರು ಸಲ ತಾಲೀಮು ಆಯಿತು.

ಆದರೆ ಬಾಗಿಲು ತೆಗೆದ ಮುರುಗೆಪ್ಪನವರು ಮೋಹನದಾಸರ ಜೇಬಿನಲ್ಲಿದ್ದ ಸ್ಕ್ರೂಡ್ರೈವರನ್ನು ಮೊದಲು ನೋಡಿದರು. ಸ್ಕ್ರೂಡ್ರೈವರು ಅವರ ವ್ಯಾಪಾರದ ಸಾಮಾನು, ಅವರ ಕಣ್ಣು ತಪ್ಪುವಂತಿರಲಿಲ್ಲ. ಅವರ ಮುಖ ಅರಳಿತು. ಗೌರಾಬಾಯಿಯನ್ನು ಕರೆದು, ಹಚ್ಚಿಕೊಡುವವರು ಬಂದಾರ ನೋಡು ಎಂದರು. ಗೌರಾಬಾಯಿ ಆಗಲೇ ಸೋಫಾ ಸರಿಸಿ ಜಾಗ ಮಾಡಿ ಇಟ್ಟಿದ್ದರು. ಅಲ್ಲಿ ಒಂದು ಚಿಕ್ಕ ರಂಗೋಲಿಯೂ ಇತ್ತು. ಉಳಿದ ಸಾಮಾನಿನ ಟೆಂಪೋ ಹಿಂದೆ ಬರುತ್ತಿದೆಯೇ ಎಂದು ಮುರುಗೆಪ್ಪನವರು ಬಾಗಿಲಾಚೆ ಇಣುಕಿದರು.

ಇನ್ಸ್‌ಪೆಕ್ಟರರು ಕಲಿತ ಪಾಠ ಮರೆತು ರಾಮಲಿಂಗಪ್ಪನವರ ಮುಖ ನೋಡಿದರು. ರಾಮಲಿಂಗಪ್ಪನವರು ಪಾರವ್ವನ ಮುಖ ನೋಡಿದರು. ಅಷ್ಟರಲ್ಲಿ ಅಡುಗೆಮನೆಯಿಂದ ನೀತಾ ಬಂದು, ಅಪ್ಪಾ ನೀರು ಕುಡಿ ಬಾ ಎಂದು ಅವರ ಕೈಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋದಳು. ಹಿಂದೆಯೇ ಪಾರವ್ವನೂ ಹೋದರು.

"ಅಪ್ಪಾ, ನೀ ಅದನ್ನ ಏನಂತ ತಿಳದು ಕೊಟ್ಟಿದ್ದಿ, ಖರೇ ಹೇಳು."

"ಸ್ಟೆಬಿಲೈಜರ್," ಎಂದರು ರಾಮಲಿಂಗಪ್ಪನವರು, ನೆಲ ನೋಡುತ್ತ.

ನೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮದುವೆಗೆ ಮೊದಲು ಆರು ತಿಂಗಳು ಕಂಪ್ಯೂಟರ್ ಕೋರ್ಸ್ ಮಾಡಿದ ಹುಡುಗಿ ಅವಳು. ಅಂದು ಅಪ್ಪ ಅವ್ವ ಹೊರಟ ಮೇಲೆ ಗುಲಾಬಿ ಕಾಗದ ಬಿಚ್ಚಿದ ಕೂಡಲೇ ಅವಳಿಗೆ ಅದು ಏನೆಂದೂ ತಿಳಿದಿತ್ತು, ಅಪ್ಪ ಏನು ಮಾಡಿರಬಹುದೆಂದೂ ತಿಳಿದಿತ್ತು. ಇದೇನಿದು ಎಂದು ಅತ್ತೆ, ಮಾವ, ಮನೆ ತುಂಬಿದ ನೆಂಟರು ಎಲ್ಲರೂ ಅವಳ ಮುಖ ನೋಡಿದ್ದರು. ಆಗ ಅವಳು, ನಮ್ಮಪ್ಪ ನನಗೆ ಕಂಪ್ಯೂಟರ್ ಕೊಡಿಸಿದ್ದಾರೆ, ಮೊದಲು ಮುಖ್ಯ ಭಾಗ ಕಳಿಸುವುದು ಪದ್ಧತಿ, ಉಳಿದದ್ದು ಹಿಂದಿನಿಂದ ಬರುತ್ತದೆ ಎಂದು ಹೇಳಿಬಿಟ್ಟಿದ್ದಳು. ಬೀಗರು ಎಷ್ಟಾದರೂ ಬೀಗರು, ಉಳಿದದ್ದು ಎಲ್ಲಿ ಎಂದು ಬಾಯಿಬಿಟ್ಟು ಕೇಳುವಂತಿಲ್ಲ. ಒಂದು ವಾರದಿಂದ ಆ ಮನೆಯವರು ರಂಗೋಲಿ ಹಾಕಿ ಅಳಿಸಿ, ಅಳಿಸಿ ಹಾಕಿ ಕಾಯುತ್ತಿದ್ದರು.

"ನಿನ್ನ ಮಾನ ಉಳಸಬೇಕಾಗಿತ್ತಪ್ಪಾ," ಎಂದಳು ನೀತಾ. ಆಮೇಲೆ, "ಮತ್ತ ನನಗೂ ಒಂದು ಕಂಪ್ಯೂಟರ್ ಬೇಕಾಗಿತ್ತು" ಎಂದಳು.

ರಾಮಲಿಂಗಪ್ಪನವರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಕೋರ್ಸ್ ಮುಗಿದ ದಿನ ಈ ಹುಡುಗಿ ಸರ್ಟಿಫಿಕೇಟ್ ತಂದು ತೋರಿಸಿದಾಗ, ಇದರ ಜೊತೆಗೆ ಇನ್ನೇನು ಕೊಟ್ಟರು ಎಂದು ತಾವು ಕೇಳಿದ್ದು ನೆನಪಾಗಿ ಅವರಿಗೆ ನಾಚಿಕೆಯಾಯಿತು. ಆದರೆ ಚಾಕಣದ ಸ್ಟೂಲಿನ ಗತಿ ಏನು? ಅದನ್ನು ಹೇಳಿದಾಗ ನೀತಾ ಒಂದೇ ಮಾತಿನಲ್ಲಿ ಮುಗಿಸಿದಳು. ನಿನ್ನ ಆಫೀಸು ಇಲ್ಲಿಂದ ಹತ್ತು ನಿಮಿಷದ ದಾರಿ, ದಿನಾ ಸಂಜೆ ಇಲ್ಲಿಗೆ ಬಾ, ನಾನು ಕಲಿಸುತ್ತೇನೆ ಎಂದಳು. ಪಾರವ್ವ ಮಗಳ ಬೆನ್ನ ಮೇಲೆ ಕೈಯಿಟ್ಟು, ನನ್ನ ಮಗಳು ಶಾಣ್ಯಾಕಿ ಎಂದು ಮೂಗು ಒರೆಸಿಕೊಂಡರು.

ಮರುದಿನ ಟೆಂಪೋ ಕೋಥರೂಡದಿಂದ ಹಡಪಸರಕ್ಕೆ ಹೊರಟಿತು. ಮುರುಗೆಪ್ಪನವರು ಕೆಳಗೆ ನಿಂತು ಒಂದೊಂದನ್ನೇ ಇಳಿಸಿಕೊಂಡರು. ಮೋಹನದಾಸರು ಡಬ್ಬವನ್ನು ಬಿಚ್ಚಿ ನೋಡಿದಾಗ ಒಳಗೆ ದೇವರಿಗೆ ಮುಟ್ಟಿದ ಏಳು ಹರಳು ಕಲ್ಲುಸಕ್ಕರೆ, ಅವುಗಳ ಸುತ್ತ ಒಂದು ಸಾಲು ಕೆಂಪಿರುವೆ. ಇರುವೆ ವಾರಂಟಿಯಲ್ಲಿ ಬರುವುದಿಲ್ಲ ಎಂದು ಅವರು ಗೊಣಗಿದರು. ರಾಮಲಿಂಗಪ್ಪನವರು ಹೆಮ್ಮೆಯಿಂದ ಕೊಸರಿನ ಬ್ರಷ್ಷು ತೆಗೆದು ಮುಂದೆ ಹಿಡಿದರು. ಇರುವೆ ಹೊರಬಿದ್ದವು, ಪರದೆಯ ಮೇಲೆ ಬೆಳಕು ಮೂಡಿತು, ಗೌರಾಬಾಯಿ ತೆಂಗಿನಕಾಯಿ ಒಡೆದರು. ಸಿ.ಡಿ. ಇಡುವ ಆ ತಟ್ಟೆಯಲ್ಲಿ ಇನ್ನು ಮೇಲೆ ಸಕ್ಕರೆ ಇಡುವುದಿಲ್ಲ, ಹೂವಿನ ಎಸಳು ಮಾತ್ರ ಎಂದು ಅವರು ಒಪ್ಪಿಕೊಂಡರು. ಅದಕ್ಕೂ ಮೋಹನದಾಸರು ತಲೆಯಾಡಿಸಿದರು, ಆದರೆ ಚಹಾದ ಜೊತೆ ಚಕ್ಕುಲಿ ಬಂದದ್ದರಿಂದ ವಾದ ಬೆಳೆಸಲಿಲ್ಲ.

ಎಲ್ಲ ಆದ ಮೇಲೆ ಮುರುಗೆಪ್ಪನವರು ಟೇಬಲ್ಲಿನ ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡರು. ಹಾಗೆ ನಿಲ್ಲುವುದು ಏನೆಂದು ರಾಮಲಿಂಗಪ್ಪನವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಏನು ಉಳಿದುಹೋಗಿದೆ ಎಂದು ಅವರು ಹುಡುಕಿದರು. ಮೌಸಿನ ಕೆಳಗಿನ ನೀಲಿ ಪ್ಯಾಡು ಇರಲಿಲ್ಲ. ಪಾರವ್ವ ಅದನ್ನು ಬಿಸಿ ಸಾರಿನ ಪಾತ್ರೆಯ ಕೆಳಗೆ ಹಾಸಲು ಇಟ್ಟುಕೊಂಡಿದ್ದರು. ಮರುದಿನ ಅದೂ ತೊಳೆದು ಬಂದಿತು, ಸ್ವಲ್ಪ ಇಂಗಿನ ವಾಸನೆಯೊಂದಿಗೆ.

ಆ ಆರು ವಾರ ರಾಮಲಿಂಗಪ್ಪನವರು ಸುಖವಾಗಿದ್ದರು. ಸಂಜೆ ಐದೂವರೆಗೆ ಬೀಗರ ಮನೆ, ಚುರುಮುರಿ, ಚಹಾ, ಆಮೇಲೆ ಮಗಳ ಪಾಠ. ಟೈಪು ಅವರಿಗೆ ಮೊದಲೇ ಬರುತ್ತಿತ್ತು. ಆದರೆ ಸಾಲು ಮುಗಿದ ಕೂಡಲೇ ಎಡಗೈ ಹಳೆಯ ಟೈಪ್‌ರೈಟರಿನ ಅಭ್ಯಾಸದಂತೆ ತಾನಾಗಿ ಮೇಲೆದ್ದು ಬಲಕ್ಕೆ ತಳ್ಳುತ್ತಿತ್ತು. ಹಾಗೆ ಎರಡು ಚಹಾದ ಕಪ್ಪು ಒಡೆದ ಮೇಲೆ ಗೌರಾಬಾಯಿ ಅವರಿಗೆ ಸ್ಟೀಲ್ ಲೋಟದಲ್ಲಿ ಕೊಡತೊಡಗಿದರು. ಮುರುಗೆಪ್ಪನವರು ಪಕ್ಕದಲ್ಲಿ ಕುಳಿತು, ನೀತಾ ಅಪ್ಪನನ್ನು ಗದರಿಸುವುದನ್ನು ಕೇಳಿ ಖುಷಿಪಡುತ್ತಿದ್ದರು. ಸೊಸೆ ಇಷ್ಟು ತಿಳಿದವಳೆಂದು ಅವರಿಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ. ತಿಂಗಳ ಕೊನೆಗೆ ತಮ್ಮ ಅಂಗಡಿಯ ಬಿಲ್ಲುಗಳನ್ನೂ ಅವಳ ಕೈಗೆ ಒಪ್ಪಿಸಿದರು.

ಜೂನ್ ಒಂದನೇ ತಾರೀಖು ಬಂದಿತು. ಸಾಹೇಬರ ಕೋಣೆಯಲ್ಲಿ ಹೊಸ ಕಂಪ್ಯೂಟರ್, ಹೊರಗೆ ಸಾಲಾಗಿ ಒಂಬತ್ತು ಕ್ಲಾರ್ಕುಗಳು. ಸಾಹೇಬರು ಒಬ್ಬೊಬ್ಬರನ್ನೇ ಒಳಗೆ ಕರೆದು ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು. ಇಲ್ಲಿರುವುದರಲ್ಲಿ ಕಂಪ್ಯೂಟರ್ ಯಾವುದು, ಮುಟ್ಟಿ ತೋರಿಸಿ. ಒಳಗೆ ಹೋದ ಎಂಟು ಜನರೂ ಗಾಜಿನ ಪರದೆಯ ಮೇಲೆ ಕೈಯಿಟ್ಟು ಬಂದಿದ್ದರು. ಒಂಬತ್ತನೆಯವರಾಗಿ ರಾಮಲಿಂಗಪ್ಪನವರು ಹೋದರು. ಪರದೆಯ ಕಡೆ ನೋಡಲೇ ಇಲ್ಲ. ಸೊಂಟ ಹಿಡಿದುಕೊಂಡು ಬಗ್ಗಿ, ಟೇಬಲ್ಲಿನ ಕೆಳಗೆ ತೂರಿ, ಕಬ್ಬಿಣದ ಡಬ್ಬದ ಮೇಲೆ ಕೈಯಿಟ್ಟು, ಅಲ್ಲಿಂದಲೇ ಮರಾಠಿಯಲ್ಲಿ ಉತ್ತರ ಕೊಟ್ಟರು. ಒಂದು ಶಬ್ದಕ್ಕೆ ಮಾತ್ರ ಮರಾಠಿ ಹೊಳೆಯದೆ ಕನ್ನಡವೇ ಬಂದಿತು.

"ಸಾಹೇಬ, ಹಾ ಕಂಪ್ಯೂಟರ್. ಬಾಕೀ ಸಗಳಂ ಕೊಸರು." ಇದು ಕಂಪ್ಯೂಟರ್, ಉಳಿದದ್ದೆಲ್ಲ ಕೊಸರು ಎಂದು.

ಕೊಸರು ಎಂದರೇನು ಎಂದು ಸಾಹೇಬರು ಕೇಳಿದರು. ರಾಮಲಿಂಗಪ್ಪನವರು ಟೇಬಲ್ಲಿನ ಕೆಳಗಿನಿಂದ ಹೊರಬಂದು, ಮೊಣಕಾಲು ಒರೆಸಿಕೊಂಡು, ಬದನೆಕಾಯಿ ಮತ್ತು ಕೊತ್ತಂಬರಿಯ ಸಹಾಯದಿಂದ ವಿಸ್ತಾರವಾಗಿ ತಿಳಿಸಿಕೊಟ್ಟರು. ಸಾಹೇಬರು ಕೇಳಿ ಬಹಳ ಹೊತ್ತು ನಕ್ಕರು. ಆಮೇಲೆ ಟೈಪು ಮಾಡಿಸಿ ನೋಡುವುದನ್ನೂ ಬಿಟ್ಟು ಅವರ ಹೆಸರನ್ನು ಹಡಪಸರದ ಪಟ್ಟಿಯಲ್ಲಿ ಬರೆದರು. ಹೆಸರು ಬರೆದಾದ ಮೇಲೂ ರಾಮಲಿಂಗಪ್ಪನವರು ಅಲ್ಲಿಯೇ ನಿಂತಿದ್ದರು. ಸಾಹೇಬರು ತಲೆಯೆತ್ತಿ ನೋಡಿ, ಈಗತಾನೆ ಕೊಸರಿನ ಪಾಠ ಕಲಿತವರಾದ್ದರಿಂದ, ಉಳಿದ ಎಂಟು ಜನರ ಚಾಕಣವನ್ನು ಒಂದು ವಾರ ಮುಂದೂಡಿ, ಆ ಇಡೀ ವಾರ ಅವರಿಗೆ ಕಂಪ್ಯೂಟರ್ ಕಲಿಸುವ ಕೆಲಸವನ್ನು ಮೇಲೆ ಸೇರಿಸಿ ಕೊಟ್ಟರು.

ಅಂದು ಸಂಜೆ ಕೋಥರೂಡದ ಮಾರುಕಟ್ಟೆಯಲ್ಲಿ ಅವರು ಅರ್ಧ ಕಿಲೋ ಬದನೆಕಾಯಿ ಕೊಂಡು, ಹಣ ಕೊಟ್ಟು, ಯಾವ ಕಾರಣಕ್ಕೋ ನಿಲ್ಲದೆ ಹೊರಟುಬಿಟ್ಟರು. ಮಾರುವವಳು ಗಾಬರಿಯಾಗಿ ತಕ್ಕಡಿ ಕೆಳಗಿಟ್ಟು, "ಕಾಕಾ, ತಬ್ಯೇತ ಬರೀ ಆಹೇ ನಾ?" ಎಂದು ಕೂಗಿ ಆರೋಗ್ಯ ವಿಚಾರಿಸಿದಳು. ರಾಮಲಿಂಗಪ್ಪನವರು ತಿರುಗಿ ನೋಡಿದರು. ಚೆನ್ನಾಗಿದ್ದೇನೆ ಎಂದು ಕೈ ಎತ್ತಿದರು. ಹತ್ತು ಹೆಜ್ಜೆ ಮುಂದೆ ಹೋದರು. ಆಮೇಲೆ ವಾಪಸು ಬಂದು, ಚೀಲದ ಬಾಯಿ ತೆರೆದು, ಅವಳ ಮುಂದೆ ಸುಮ್ಮನೆ ನಿಂತುಕೊಂಡರು.